ನಂದಿ ತನಕ ಹತ್ತಿದ್ದೂ ಲೆಕ್ಕಕ್ಕೆ ಸೇರುತ್ತದೆ

ಮೈಸೂರಿನಿಂದ ಬಂದ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಾನು ಪ್ರೈಮರಿ ಸ್ಕೂಲ್ ಟೀಚರ್. ಇನ್ನು ಐದು ವಾರಕ್ಕೆ ನನಗೆ 60 ತುಂಬುತ್ತದೆ, ಆ ತಿಂಗಳ ಕೊನೆಗೆ ರಿಟೈರ್ ಆಗುತ್ತೇನೆ. ಕಳೆದ ಹುಟ್ಟುಹಬ್ಬದ ದಿನ, 60 ತುಂಬುವುದರೊಳಗೆ 60 ಸಲ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗಬೇಕು ಅಂತ ಮನಸ್ಸು ಮಾಡಿದೆ. ಇಲ್ಲಿಯವರೆಗೆ 54 ಆಗಿದೆ. ಆದರೆ ಮಧ್ಯೆ ಡೆಂಗಿ ಬಂದು ಐದು ವಾರ ಮಲಗಿದೆ. ಎದ್ದ ಮೇಲೆ, ಆ 54ರಲ್ಲಿ ಒಂಬತ್ತು ಸಲ, ದಾರಿಯಲ್ಲಿರುವ ದೊಡ್ಡ ನಂದಿ ವಿಗ್ರಹದ ತನಕ ಮಾತ್ರ ಹತ್ತಿ ವಾಪಸ್ ಬಂದೆ. ಬೆಂಗಳೂರಿನಲ್ಲಿರುವ ಮಗ, ಚಾಲೆಂಜ್ ಅಂದ್ರೆ ಚಾಲೆಂಜ್ ಅಮ್ಮ, ಆ ಒಂಬತ್ತು ಲೆಕ್ಕಕ್ಕಿಲ್ಲ ಅನ್ನುತ್ತಾನೆ. ಹಾಗಾದರೆ ಐದು ವಾರದಲ್ಲಿ 15 ಸಲ ಹತ್ತಬೇಕು. ಎಡ ಮಂಡಿ ನೋಯುತ್ತಿದೆ. ಯಜಮಾನರು ಇದೆಲ್ಲ ಸುಮ್ನೆ ಹಠ ಅನ್ನುತ್ತಾರೆ. ನೀವೇನು ಹೇಳುತ್ತೀರಿ? ಹೆಸರು ಹಾಕಬೇಡಿ."

ಮೇಡಂ, ಹೆಸರು ಹಾಕಿಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ಒಂಬತ್ತೂ ಲೆಕ್ಕಕ್ಕೆ ಸೇರುತ್ತವೆ. ನಿಮಗೆ ಉಳಿದಿರುವುದು ಆರು, ಹದಿನೈದಲ್ಲ. ಡೆಂಗಿ ಜ್ವರ ಬಿಟ್ಟ ಮೇಲೂ ಎಷ್ಟೋ ವಾರ ಮೈಯಲ್ಲಿ ಕಸುವಿರುವುದಿಲ್ಲ. ಒಂದು ಬಕೆಟ್ ನೀರು ಎತ್ತಿದರೆ ಕೈ ನಡುಗುತ್ತದೆ. ಅಂಥ ಮೈಯಲ್ಲಿ ನೀವು ನಂದಿ ತನಕ ಹೋದಿರಿ, ಅದೂ ಒಂಬತ್ತು ಸಲ. ನನ್ನ ಪ್ರಕಾರ ಈ ವರ್ಷ ನೀವು ಹತ್ತಿದ್ದರಲ್ಲಿ ದೊಡ್ಡ ಹತ್ತುವಿಕೆ ಅವೇ.

ನನಗೆ ಇದರಲ್ಲಿ ಇಷ್ಟು ಗಟ್ಟಿ ಅಭಿಪ್ರಾಯ ಇರುವುದಕ್ಕೆ ನಮ್ಮಮ್ಮ ಕಾರಣ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಟೈಫಾಯ್ಡ್ ಬಂದು ಮೂರು ವಾರ ಎದ್ದಿರಲಿಲ್ಲ. ಮಗ ಎದ್ದು ಓಡಾಡಿದರೆ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತೇನೆ ಅಂತ ಅಮ್ಮ ಹರಕೆ ಹೊತ್ತಿದ್ದರು. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲು. ಸಾವಿರ ಅಂತ ಎಲ್ಲರೂ ಹೇಳುತ್ತಾರೆ, ಎಣಿಸಿದವರ ಲೆಕ್ಕ ಒಬ್ಬರದ್ದು ಇನ್ನೊಬ್ಬರಿಗೆ ಕೂಡುವುದಿಲ್ಲ. ಆಷಾಢದ ಶುಕ್ರವಾರ ನೀವೂ ನೋಡಿರುತ್ತೀರಿ ಅಲ್ವಾ? ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಇನ್ನೊಂದರಲ್ಲಿ ಕುಂಕುಮದ ಪೊಟ್ಟಣ. ಬಗ್ಗಬೇಕು, ಹಚ್ಚಬೇಕು, ಏಳಬೇಕು, ಒಂದು ಮೆಟ್ಟಿಲು ಹತ್ತಬೇಕು, ಮತ್ತೆ ಬಗ್ಗಬೇಕು. ಸಾವಿರ ಸಲ. ಈಗ ಜಿಮ್‌ನಲ್ಲಿ ದುಡ್ಡು ಕೊಟ್ಟು ಸ್ಕ್ವಾಟ್ ಮಾಡುತ್ತಾರಲ್ಲ, ಅದನ್ನು ನಮ್ಮ ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಮಾಡುತ್ತಲೇ ಬಂದಿದ್ದಾರೆ.

ಅಮ್ಮನಿಗೆ ಅವತ್ತು ಮುಗಿಸಲು ಆಗಲಿಲ್ಲ. ಅರ್ಧ ದಾರಿಯಲ್ಲಿ ಸೊಂಟ ಹಿಡಿದುಕೊಂಡಿತು. ಪಕ್ಕದ ಬಂಡೆಗೆ ಒರಗಿ ಕೂತುಬಿಟ್ಟರು. ಹರಕೆ ಕೆಟ್ಟಿತು ಅಂತ ಕಣ್ಣಲ್ಲಿ ನೀರು. ಮೇಲೆ ಹೂವು ಮಾರಲು ಹೋಗುತ್ತಿದ್ದ ಒಬ್ಬ ಮುದುಕಿ ಬುಟ್ಟಿ ಇಳಿಸಿ ಅಲ್ಲೇ ಕೂತರು. ಅವರು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಅವ್ವ ಲೆಕ್ಕ ಇಕ್ಕಂಡು ಕೂತಿಲ್ಲ ಕಣವ್ವ. ಬರೋ ಶುಕ್ರವಾರ ಇಲ್ಲಿಂದ್ಲೇ ಹಚ್ಕೊಂಡೋಗು. ಒಂದೂಕಾಲು ರೂಪಾಯಿ ತಪ್ಪು ಕಾಣಿಕೆ ಹಾಕು, ಸರಿಹೋಯ್ತದೆ." ಮುಂದಿನ ಶುಕ್ರವಾರ ಅಮ್ಮ ಅದೇ ಬಂಡೆಯ ಹತ್ತಿರದಿಂದ ಶುರು ಮಾಡಿದರು. ಮಳೆಗೆ ಕೆಳಗಿನ ಮೆಟ್ಟಿಲುಗಳ ಅರಿಶಿನ ತೊಳೆದುಹೋಗಿತ್ತು. ಅದನ್ನು ಮತ್ತೆ ಹಚ್ಚಲಿಲ್ಲ. ಮೇಲೆ ಹೋಗಿ ಕಾಣಿಕೆ ಹಾಕಿದರು. ಅವರ ಬೆರಳು ಮೂರು ದಿನ ಹಳದಿಯಾಗಿತ್ತು. ಆ ಕೈಯಲ್ಲೇ ನನಗೆ ಗಂಜಿ ಕೊಟ್ಟರು.

ತಪ್ಪು ಕಾಣಿಕೆ. ಎಂಥ ಮಾತು ನೋಡಿ! ಮನುಷ್ಯ ಅಂದ ಮೇಲೆ ಜ್ವರ ಬರುತ್ತದೆ, ಮಳೆ ಬರುತ್ತದೆ, ಮನೆಯಲ್ಲಿ ಸಾವು ನೋವು ಆಗುತ್ತದೆ. ಹಿಡಿದದ್ದು ನಡುವೆ ತಪ್ಪುತ್ತದೆ. ತಪ್ಪಿದರೆ ಮತ್ತೆ ಸೇರಿಕೊಳ್ಳಲು ಒಂದು ಬಾಗಿಲನ್ನು ನಮ್ಮ ಹಿರಿಯರು ಹರಕೆಯ ಜೊತೆಗೇ ಇಟ್ಟಿದ್ದರು. ಚಾಲೆಂಜ್‌ನಲ್ಲಿ ಆ ಬಾಗಿಲಿಲ್ಲ. ಹೆಜ್ಜೆ ಎಣಿಸುವ ಈಗಿನ ವಾಚುಗಳಲ್ಲಿ ಒಂದು ದಿನ ತಪ್ಪಿದರೆ ಅಲ್ಲಿಯ ತನಕ ಸತತವಾಗಿ ಕೂಡಿಸಿದ ದಿನಗಳ ಲೆಕ್ಕವೆಲ್ಲ ಸೊನ್ನೆಗೆ ಬರುತ್ತದೆ. ಇನ್ನೂರು ದಿನ ನಡೆದವನು ಇನ್ನೂರ ಒಂದನೇ ದಿನ ತಪ್ಪಿಸಿ, ಬೇಜಾರಾಗಿ, ಪೂರ್ತಿ ಬಿಟ್ಟುಬಿಟ್ಟದ್ದನ್ನು ನಾನು ನಮ್ಮ ಆಫೀಸಿನಲ್ಲೇ ನೋಡಿದ್ದೇನೆ. ಒಳ್ಳೆ ಹುಡುಗ. ಅವನಿಗೆ ಒಂದೂಕಾಲು ರೂಪಾಯಿಯ ವಿಷಯ ಯಾರೂ ಹೇಳಿರಲಿಲ್ಲ.

ಲೆಕ್ಕವೇ ಬೇಡ ಅನ್ನುತ್ತಿಲ್ಲ. 60 ಅಂತ ಒಂದು ಗುರಿ ಇಟ್ಟಿದ್ದಕ್ಕೇ ನೀವು 54 ಮುಟ್ಟಿದ್ದೀರಿ. ನಿಮ್ಮ ಮಗ ಅಷ್ಟರ ಮಟ್ಟಿಗೆ ಸರಿ. ಆದರೆ ಅಂಕಿಗಳು ಎಲ್ಲಿಂದ ಬರುತ್ತವೆ ಅಂತಲೂ ಅವನು ತಿಳಿದುಕೊಳ್ಳಲಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುತ್ತಾರಲ್ಲ, ಅದು ಹುಟ್ಟಿದ್ದು ಯಾವ ಆಸ್ಪತ್ರೆಯಲ್ಲೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್ಪೊ ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ಊರೆಲ್ಲ ಹರಡಿ ನಿಯಮವಾಯಿತು. 2019ರಲ್ಲಿ ಅಮೆರಿಕದ ಸಂಶೋಧಕರು ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಹೆಂಗಸರ ಹೆಜ್ಜೆ ಎಣಿಸಿದ ಅಧ್ಯಯನ ಪ್ರಕಟಿಸಿದರು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಆ ಕೆಲವು ವರ್ಷಗಳಲ್ಲಿ ಸಾವು ಶೇ 41ರಷ್ಟು ಕಡಿಮೆ ಇತ್ತು. 7,500ರ ಆಚೆ ಜಾಸ್ತಿ ನಡೆದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸ್ವಲ್ಪವೂ ನಡೆಯದವರು ಸ್ವಲ್ಪ ನಡೆದರೆ ಆಗುವ ಲಾಭವೇ ದೊಡ್ಡದು.

ನಿಮ್ಮ ನಂದಿಯ ವಿಷಯಕ್ಕೆ ಇನ್ನೂ ಹತ್ತಿರದ ಒಂದು ಕಥೆ ಇದೆ. ಜೆರೆಮಿ ಮೋರಿಸ್ ಅನ್ನುವ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಮನೆತನ. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೇಲೆ ಕೆಳಗೆ ಹತ್ತಿಳಿಯುತ್ತಾನೆ. ಹೃದಯಾಘಾತ ಕಂಡಕ್ಟರ್‌ಗಳಲ್ಲಿ ಕಡಿಮೆ, ಬಂದರೂ ತಡವಾಗಿ. 1953ರಲ್ಲಿ ಅವರು ಇದನ್ನು ಪ್ರಕಟಿಸಿದರು. ವ್ಯಾಯಾಮಕ್ಕೂ ಹೃದಯಕ್ಕೂ ಇರುವ ನಂಟನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡಿದ್ದು ಅಲ್ಲಿಂದಲೇ. ಆ ಕಂಡಕ್ಟರ್ ಒಂದು ದಿನದ ಕೆಲಸದಲ್ಲಿ ಹತ್ತುತ್ತಿದ್ದದ್ದು ಎಷ್ಟು ಗೊತ್ತಾ? 500ರಿಂದ 750 ಮೆಟ್ಟಿಲು. ನಮ್ಮ ನಂದಿ ಕೂತಿರುವುದು ಸುಮಾರು 700 ಮೆಟ್ಟಿಲ ಮೇಲೆ! ಇಡೀ ದಿನದ ಕಂಡಕ್ಟರ್ ಕೆಲಸವನ್ನು ನೀವು ಸ್ಕೂಲಿಗೆ ಹೋಗುವ ಮುಂಚೆ, ಡೆಂಗಿಯಿಂದ ಎದ್ದ ಮೈಯಲ್ಲಿ ಮುಗಿಸಿದ್ದೀರಿ. ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ.

ಇನ್ನು ಮಂಡಿ. ದಯವಿಟ್ಟು 15ರ ಮಾತು ಬಿಡಿ. ವಾರಕ್ಕೊಂದು, ಒಂದು ವಾರ ಮಾತ್ರ ಎರಡು, ಸಾಕು. ಹತ್ತುವಾಗಿನದಕ್ಕಿಂತ ಇಳಿಯುವಾಗ ನೋವು ಜಾಸ್ತಿ ಅಲ್ವಾ? ಇಳಿಯುವಾಗ ಮುಂದೊಡೆಯ ಸ್ನಾಯು ಬ್ರೇಕ್ ಹಿಡಿದ ಹಾಗೆ ಮೈಭಾರವನ್ನು ತಡೆದು ತಡೆದು ಬಿಡಬೇಕು. ಆ ಒತ್ತಡವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತದೆ. ಹತ್ತಿ, ದರ್ಶನ ಮಾಡಿ, ಸಿಟಿ ಬಸ್ಸಿನಲ್ಲಿ ಇಳಿಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡೂ ಇಲ್ಲ. ಮಂಡಿ ಊದಿದ್ದರೆ, ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.

ಈಗ ಸ್ವಲ್ಪ ಗದರಬೇಕು. ನಾನು ಇಲ್ಲಿ ಅಚ್ಚು ಹಾಕಿದ್ದು ನಿಮ್ಮ ಪತ್ರದ ಒಂದು ಭಾಗ. ಪೂರ್ತಿ ಪತ್ರದಲ್ಲಿ 'ಹಠ' ಅನ್ನುವ ಮಾತು ಐದು ಕಡೆ ಇದೆ. ಯಜಮಾನರು ಅಂದಿದ್ದು ಒಂದು ಸಲ. ಉಳಿದ ನಾಲ್ಕು ನೀವೇ ನಿಮಗೆ ಅಂದುಕೊಂಡಿದ್ದು. ಯಾಕೆ ಮೇಡಂ? ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ಮಕ್ಕಳಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದ್ದೀರಿ. ವಾರಕ್ಕೆ ಎರಡು ಬೆಳಗ್ಗೆ ನಿಮ್ಮ ಕಾಲಿಗಾಗಿ ಇಟ್ಟುಕೊಂಡರೆ ಅದು ಹಠವೇ? ಗಂಡಸು ಮಾಡಿದರೆ ಸಾಧನೆ ಅನ್ನುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. 1930ರಲ್ಲಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಗಾಂಧೀಜಿಗೂ 60 ತುಂಬಿತ್ತು. 24 ದಿನದಲ್ಲಿ 240 ಮೈಲಿ. ಅವರು ಸೋಮವಾರ ನಡೆಯುತ್ತಿರಲಿಲ್ಲ, ಅದು ಅವರ ಮೌನದ ದಿನ. ಮೂರು ಸೋಮವಾರ ಕೂತಿದ್ದರು ಅಂತ ಆ ಯಾತ್ರೆಯಲ್ಲಿ ಮೂರು ದಿನ ಯಾರಾದರೂ ಕಳೆದರೇ?

ನಮ್ಮ ಪಾದಯಾತ್ರೆಗಳನ್ನೂ ನೋಡಿ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಹೊರಡುವವರು, ಶಿವರಾತ್ರಿಗೆ ಧರ್ಮಸ್ಥಳದ ದಾರಿ ಹಿಡಿಯುವವರು, ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆಯುವವರು. ಅಂಗಾಲಲ್ಲಿ ಬೊಬ್ಬೆ ಎದ್ದವನನ್ನು ಯಾರೂ ನೀನು ಸೋತೆ ಅನ್ನುವುದಿಲ್ಲ. ದಾರಿಯಲ್ಲಿ ಯಾರೋ ಗುರುತಿಲ್ಲದವರು ಕಾಲಿಗೆ ಎಣ್ಣೆ ಹಚ್ಚುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಮಲಗಲು ಜಗಲಿ ಬಿಡುತ್ತಾರೆ. ನಡೆಯುವವರನ್ನು ಗೌರವಿಸುವ ನಾಡು ನಮ್ಮದು.

ಗೌರವಿಸುವ ನಾಡಾಗಿತ್ತು ಅನ್ನಬೇಕೇನೋ. ಈಗ ಊರುಗಳಲ್ಲಿ ನಡೆಯುವವನಿಗೆ ಜಾಗ ಎಲ್ಲಿದೆ? ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಜಲ್ಲಿ ರಾಶಿ. ಕಲ್ಲು ಹಾಸಿದ್ದರೂ ಒಂದು ಎದ್ದಿರುತ್ತದೆ, ಒಂದು ಕುಸಿದಿರುತ್ತದೆ. ನಮ್ಮ ಆಫೀಸಿನ ಹಿಂದಿನ ಪಾರ್ಕಿಗೆ ಬೆಳಗ್ಗೆ ಹತ್ತಕ್ಕೆ ಬೀಗ ಬೀಳುತ್ತದೆ. ಮನೆಕೆಲಸ ಮುಗಿಸಿ ಹನ್ನೊಂದಕ್ಕೆ ಬಿಡುವಾಗುವ ಹೆಂಗಸರು ಗೇಟು ನೋಡಿಕೊಂಡು ವಾಪಸ್ ಹೋಗುತ್ತಾರೆ. ಎರಡು ಸಲ ಅರ್ಜಿ ಕೊಟ್ಟಿದ್ದೇನೆ, ಬೀಗ ಹಾಗೇ ಇದೆ. 2022ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ ಲೆಕ್ಕ ಹೇಳುತ್ತದೆ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಇದನ್ನು ಓದಿ ಹೆಂಗಸರು ಸೋಮಾರಿಗಳು ಅಂದುಕೊಳ್ಳುವವರು ಒಂದು ದಿನ ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ ನೋಡಲಿ. ಕತ್ತಲಲ್ಲಿ ಒಬ್ಬರೇ ರಸ್ತೆಗಿಳಿದು ನೋಡಲಿ.

ಫೌಜಾ ಸಿಂಗ್ ಅವರ ಹೆಸರು ಕೇಳಿದ್ದೀರಲ್ಲ? 89ನೇ ವಯಸ್ಸಿನಲ್ಲಿ ಮೊದಲ ಮ್ಯಾರಥಾನ್ ಓಡಿ, 2011ರಲ್ಲಿ ಟೊರಾಂಟೊದಲ್ಲಿ ನೂರರ ಹರೆಯದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದವರು. ಮುಪ್ಪು ಅವರನ್ನು ನಿಲ್ಲಿಸಲಿಲ್ಲ. 2025ರ ಜುಲೈನಲ್ಲಿ, 114ನೇ ವಯಸ್ಸಿನಲ್ಲಿ, ಪಂಜಾಬಿನ ತಮ್ಮ ಊರ ಹತ್ತಿರ ನಡೆದು ಹೋಗುತ್ತಿದ್ದಾಗ ವಾಹನ ಡಿಕ್ಕಿ ಹೊಡೆದು ತೀರಿಕೊಂಡರು. ಆ ಸುದ್ದಿ ಬಂದ ದಿನ ನನಗೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಸ್ಕೂಲಿನ ಮಾತನ್ನೂ ಹೇಳಬೇಕು, ನೀವು ಟೀಚರ್ ಆದ್ದರಿಂದ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ತೆಗೆದುಕೊಳ್ಳುವ ಅಭ್ಯಾಸ ಎಷ್ಟು ಶಾಲೆಗಳಲ್ಲಿದೆ! ಸಿಲಬಸ್ ಮುಗಿಯಬೇಕು, ನಿಜ. ನೀವೂ ಯಾವಾಗಲೋ ತೆಗೆದುಕೊಂಡಿರಬಹುದು. ಆ ಮಕ್ಕಳಿಗೆ ಓಡುವುದು ಅಂದರೆ ಬೇರೆಯವರು ಕಿತ್ತುಕೊಳ್ಳಬಹುದಾದ ಪೀರಿಯಡ್ಡು ಅಂತ ತಲೆಗೆ ಹೋಗುತ್ತದೆ. ನಿಮಗೆ ಇನ್ನು ಕೆಲವು ವಾರ ಕ್ಲಾಸು ಇದೆ. ಉಳಿದ ಆರರಲ್ಲಿ ಒಂದಕ್ಕೆ ನಿಮ್ಮ ಏಳನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿ. ಜೊತೆಗೆ ಇನ್ನಿಬ್ಬರು ಟೀಚರ್ ಇರಲಿ. ನಂದಿಯ ಹತ್ತಿರ ಕೂರಿಸಿ, ಬೆಟ್ಟದ ಒಂದೇ ಬಂಡೆಯನ್ನು ಹೇಗೆ ಕಡೆದಿದ್ದಾರೆ, ಕೊರಳ ಗಂಟೆಸರ ಹೇಗೆ ಬಿಡಿಸಿದ್ದಾರೆ ಅಂತ ತೋರಿಸಿ. ಬೆಟ್ಟಕ್ಕೆ ರೋಪ್‌ವೇ ಬರಲಿ ಅನ್ನುವ ಮಾತು ಎದ್ದಾಗೆಲ್ಲ ಮೈಸೂರಿನ ಜನ ಬೇಡ ಅಂದಿದ್ದಾರೆ. ಮುಂದೆ ಬೇಡ ಅನ್ನುವುದಕ್ಕೆ ಈ ಮೆಟ್ಟಿಲು ಹತ್ತಿದ ಮಕ್ಕಳೇ ಬೇಕು.

ಅರವತ್ತನೆಯ ಸಲಕ್ಕೆ ಮಗನನ್ನು ಬೆಂಗಳೂರಿನಿಂದ ಬರಹೇಳಿ. ಯಜಮಾನರಿಗೆ ಪೂರ್ತಿ ಆಗದಿದ್ದರೆ ನಂದಿ ತನಕ ಬರಲಿ, ಅದೂ ಲೆಕ್ಕಕ್ಕೆ ಸೇರುತ್ತದೆ. ಹುಂಡಿಗೆ ಒಂದೂಕಾಲು ರೂಪಾಯಿ ಹಾಕುವುದು ಮರೆಯಬೇಡಿ. ನಾಲ್ಕಾಣೆ ಈಗ ಚಲಾವಣೆಯಲ್ಲಿಲ್ಲ, ನನ್ನ ಹತ್ತಿರ ಅಮ್ಮನ ಡಬ್ಬಿಯಲ್ಲಿ ಉಳಿದವು ಕೆಲವಿವೆ. ದಿನ ಯಾವುದು ಅಂತ ಬರೆದರೆ ಬೆಳಗ್ಗೆ ಆರಕ್ಕೆ ಬೆಟ್ಟದ ಪಾದದ ಹತ್ತಿರ ತಂದು ಕೊಡುತ್ತೇನೆ. ಅಮ್ಮ ಒರಗಿ ಕೂತಿದ್ದ ಬಂಡೆ ಇನ್ನೂ ಇದೆ. ದಾರಿಯಲ್ಲಿ ತೋರಿಸುತ್ತೇನೆ.

ಸಂಪಾದಕ