ಓದುಗರ ಪ್ರಶ್ನೆ: ರಜೆಯಲ್ಲಿ ಮಕ್ಕಳ ಮುಂದೆ ಒಂದು ಮೊರ ಅವರೆಕಾಯಿ

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯ. ಮಗಳಿಗೆ 9 ವರ್ಷ, ಮಗನಿಗೆ 5. ಕ್ರಿಸ್‌ಮಸ್ ರಜೆ ಬಂತೆಂದರೆ ನನಗೆ ಹೆದರಿಕೆ. ಬೆಳಗ್ಗೆ ಮಂಜು, ಸಂಜೆ 6ಕ್ಕೆಲ್ಲ ಕತ್ತಲು. ನೆಗಡಿ ಆಗುತ್ತದೆ ಅಂತ ನಮ್ಮತ್ತೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಹೋದ ವರ್ಷ ವಿಡಿಯೊ ನೋಡಿ ಹತ್ತಿಯಲ್ಲಿ ಸ್ನೋಮ್ಯಾನ್ ಮಾಡಿಸಿದೆ. ಸಾಮಾನಿಗೇ 400 ರೂಪಾಯಿ ಆಯಿತು, 20 ನಿಮಿಷಕ್ಕೆ ಆಟ ಮುಗಿಯಿತು, ಮತ್ತೆ ಮೊಬೈಲ್. ಖರ್ಚಿಲ್ಲದೆ ಮನೆಯಲ್ಲೇ ಏನು ಮಾಡಿಸಬಹುದು?

ಉತ್ತರ: ಸ್ನೋಮ್ಯಾನ್ ಮೇಲೆ ನನಗೇನೂ ಸಿಟ್ಟಿಲ್ಲ ಕಣಮ್ಮ. ಆದರೆ ಮಂಡ್ಯದ ಮಗು ಹಿಮ ಕಂಡಿರುವುದು ಫ್ರಿಜ್ಜಿನ ಒಳಗೆ, ಅಲ್ವಾ? ನಮ್ಮ ಚಳಿಗಾಲದ ಸಾಮಾನು ಆಗಲೇ ನಿಮ್ಮ ಅಡುಗೆಮನೆಗೆ ಬಂದಿರುತ್ತದೆ. ಒಂದು ಮೊರದ ತುಂಬ ಸೊಗಡವರೆ ಸುರಿದು ಮಕ್ಕಳನ್ನು ಮುಂದೆ ಕೂರಿಸಿ.

ನಾನು ಮೈಸೂರಿನಲ್ಲಿ ಪ್ರೈಮರಿ ಶಾಲೆ ಮೇಡಂ ಆಗಿದ್ದವಳು. ಈಗ ಸರಸ್ವತಿಪುರಂನ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ಅವರು ಅವರೆಕಾಯಿ ಬಿಡಿಸಲು ಕೂತರೆ ಮೊದಲ ಆಕರ್ಷಣೆ ಕಾಳಲ್ಲ, ಹುಳು. ಯಾರ ಪಾಲಿಗೆ ಹಸಿರು ಹುಳು ಜಾಸ್ತಿ ಸಿಕ್ಕಿತು ಅಂತ ಲೆಕ್ಕ ಇಡುತ್ತಾರೆ. ಕಿರುಚಾಟ ಇರುತ್ತದೆ, ಇರಲಿ ಬಿಡಿ. ಕಾಳನ್ನು ರಾತ್ರಿ ನೀರಿಗೆ ಹಾಕಿ. ಬೆಳಗ್ಗೆ ಸಿಪ್ಪೆ ಸಡಿಲವಾಗಿರುತ್ತದೆ, ಒಂದು ತುದಿ ಹಿಚುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಹಿದುಕಿದ ಬೇಳೆ ಸಾರಿಗೆ ಬೇಕಾಗಿರುವುದೂ ಅದೇ. 5 ವರ್ಷದ ಬೆರಳಿಗೆ ಇದಕ್ಕಿಂತ ಒಳ್ಳೆ ಕಸರತ್ತು ನಾನು ಕಂಡಿಲ್ಲ. ಅರ್ಧ ಬೇಳೆ ಮಂಚದ ಕೆಳಗೆ ಹೋಗುತ್ತದೆ. ಗುಡಿಸುವುದೂ ಅವರದೇ ಕೆಲಸ ಅಂತ ಮೊದಲೇ ಹೇಳಿಬಿಡಿ.

ಸಿಪ್ಪೆ ತೆಗೆಯದ ಒಂದು ಹಿಡಿ ಕಾಳು ಬೇರೆ ಇಟ್ಟುಕೊಳ್ಳಿ. ಧನುರ್ಮಾಸದಲ್ಲಿ ಬಾಗಿಲಿಗೆ ದೊಡ್ಡ ರಂಗೋಲಿ ಬೀಳುತ್ತದಲ್ಲ, ಚಿಕ್ಕವನಿಗೆ ಒಳಗೇ ಅದರ ಪಾಠ ಶುರುವಾಗಲಿ. ನೆಲದ ಮೇಲೆ 5 ಚುಕ್ಕಿ, 5 ಸಾಲು. ಚುಕ್ಕಿಯ ಜಾಗದಲ್ಲಿ ಕಾಳು ಇಡುವುದು ಅವನು, ಸೀಮೆಸುಣ್ಣದಲ್ಲಿ ಗೆರೆ ಸುತ್ತಿಸುವುದು ಅಕ್ಕ. ತಪ್ಪಿದರೆ ಒರೆಸಿದರಾಯಿತು.

ಒಂದು ಮಾತ್ರ ನೆನಪಿರಲಿ. ನನ್ನ ಕಿರಿಮಗ ಚಿಕ್ಕವನಿದ್ದಾಗ ಹೀಗೇ ಕೂತು, ಸುಮ್ನೆ ಒಂದು ಕಾಳನ್ನು ಮೂಗಿಗೆ ತುರುಕಿಕೊಂಡಿದ್ದ. ನಾನು ಹೇರ್‌ಪಿನ್ ಹಿಡಿದು ಹೊರಟೆ, ಕಾಳು ಇನ್ನಷ್ಟು ಒಳಗೆ ಹೋಯಿತು. ಆಮೇಲೆ ಡಾಕ್ಟರು ತೆಗೆದರು, ನನಗೆ ಚೆನ್ನಾಗಿ ಬೈದರು. ಒಳಗಿನ ತೇವಕ್ಕೆ ಕಾಳು ಉಬ್ಬುತ್ತದೆ. ಹಾಗೇನಾದರೂ ಆದರೆ ನೀವು ಕೆದಕಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಕಾಳು ಮುಂದಿರುವಾಗ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು.

ಮಗಳಿಗೆ ಬೇರೆ ಕೆಲಸ ಇದೆ. ಅತ್ತೆಯವರೂ ಬೇಡ ಅನ್ನಲಾರರು, ಯಾಕೆಂದರೆ ಅದು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ. ಒಂದು ಹೂಕುಂಡದ ಮಣ್ಣಿಗೆ ಕೋಲು ನೆಟ್ಟಗೆ ಊರಿ ಟೆರೇಸ್ ಮೇಲೆ ಇಡಿ. ಮಣ್ಣಿನಿಂದ ಮೇಲೆ ಸರಿಯಾಗಿ 1 ಮೀಟರ್ ಇರಲಿ. ಕುಂಡದ ಅಂಚು ಅಡ್ಡ ಬರದಂತೆ ಮಣ್ಣನ್ನು ಬಾಯಿಮಟ್ಟ ತುಂಬಿ, ಪಕ್ಕದಲ್ಲಿ ಅದೇ ಎತ್ತರಕ್ಕೆ ಒಂದು ಹಲಗೆ ಇಟ್ಟರೆ ನೆರಳು ಅದರ ಮೇಲೆ ಬೀಳುತ್ತದೆ. 12 ಗಂಟೆಯಿಂದ 12.40ರವರೆಗೆ 5 ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಅತಿ ಗಿಡ್ಡ ನೆರಳು ಬೀಳುವುದು 12ಕ್ಕಲ್ಲ, ನಮ್ಮ ಕಡೆ ಡಿಸೆಂಬರ್ ಕೊನೆಯಲ್ಲಿ 12.20ರ ಆಸುಪಾಸು. ಗಡಿಯಾರದ ಹೊತ್ತು ದೇಶಕ್ಕೆಲ್ಲ ಒಂದೇ, ಸೂರ್ಯ ಮಾತ್ರ ನಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಆ ನೆರಳು 72 ಸೆಂಟಿಮೀಟರ್ ಹತ್ತಿರ ಇರುತ್ತದೆ. ಸಂಕ್ರಾಂತಿ ದಿನ ಮತ್ತೆ ಅಳೆಯಲು ಹೇಳಿ, 67ಕ್ಕೆ ಇಳಿದಿರುತ್ತದೆ. ಅಂದರೆ ಸೂರ್ಯ ಉತ್ತರಕ್ಕೆ ಹೊರಳಿದ್ದು ಹಬ್ಬಕ್ಕೆ ಮೂರು ವಾರ ಮುಂಚೆಯೇ. ಯಾಕೆ ಅಂತ ಮಗಳು ಖಂಡಿತ ಕೇಳುತ್ತಾಳೆ. ಉತ್ತರ ಗೊತ್ತಿಲ್ಲದಿದ್ದರೆ ಅವಳ ಮೇಷ್ಟ್ರಿಗೆ ಒಂದು ಪ್ರಶ್ನೆ ಸಿಕ್ಕಿತು ಅಂದುಕೊಳ್ಳಿ.

ರಜೆಯ ಕೊನೆಗೆ ಎಳ್ಳು ಬೀರಲು ಪೊಟ್ಟಣ ಮಾಡಿಸಿ. ಹಳೇ ಮದುವೆ ಕಾಗದಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಗಣಪತಿ ಚಿತ್ರ ಮೇಲೆ ಬರುವಂತೆ ಮಡಿಸಿ ಅಂಟಿಸಿದರೆ ಪ್ಲಾಸ್ಟಿಕ್ ಕವರ್ ಬೇಡ. ಒಳಗೆ ಅಡಿಯಲ್ಲಿ ಒಂದು ಕಾಗದ ಹಾಸಿ, ಇಲ್ಲದಿದ್ದರೆ ಬೆಲ್ಲ ಅಂಟುತ್ತದೆ. ಕಡಲೆಬೀಜ ಹುರಿದು ಆರಿದ ಮೇಲೆ ಸಿಪ್ಪೆ ಉಜ್ಜುವುದು, ಊದುವುದು ಮಕ್ಕಳಿಗಿರಲಿ. ಕೊಬ್ಬರಿ, ಬೆಲ್ಲ ಹೆಚ್ಚುವುದು ನಿಮಗೆ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಮೊಮ್ಮಗಳ ಜೊತೆ ಸಕ್ಕರೆ ಅಚ್ಚು ಮಾಡಲು ಹೋದೆ. ಎಲ್ಲ ಅಚ್ಚಿಗೇ ಅಂಟಿಕೊಂಡು ಮುರಿಯಿತು. ಅವಳು ಅತ್ತಳು. ಎಲ್ಲಿ ತಪ್ಪಿದೆ?

ಉತ್ತರ: ಮರದ ಅಚ್ಚು ಒಣಗಿತ್ತೇನೋ. ಪಾಕಕ್ಕೆ ಮುಂಚೆ ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ನೀರು ಕೊಡವಿ, ದಾರ ಬಿಗಿದು ಕಟ್ಟಬೇಕು. ಪಾಕ ಬಾಣಲೆಯ ಅಂಚಿನಲ್ಲಿ ಬೆಳ್ಳಗಾಗತೊಡಗಿದಾಗ ಸುರಿಯಿರಿ. ಮುಂಚೆ ಸುರಿದರೆ ಕಟ್ಟುವುದೇ ಇಲ್ಲ, ತಡವಾದರೆ ಬಾಣಲೆಯಲ್ಲೇ ಗಟ್ಟಿ. ಸುರಿಯುವಾಗ ಮಗು ಒಲೆಯಿಂದ ದೂರ ಇರಲಿ, ಪಾಕದ ಸುಡುಗಾಯ ಕೆಟ್ಟದ್ದು. ಆರಿದ ಮೇಲೆ ದಾರ ಬಿಚ್ಚುವುದು ಮಾತ್ರ ಅವಳೇ. ಮುರಿದದ್ದಕ್ಕೆ ಅಳಬೇಡ ಅಂತ ಹೇಳಿ. ನಮ್ಮ ಮನೆಯಲ್ಲಿ ತಲೆ ಹೋದ ಗಿಳಿಗೇ ಗಿರಾಕಿ ಜಾಸ್ತಿ, ಯಾಕೆಂದರೆ ಅದನ್ನು ಹಬ್ಬದವರೆಗೆ ಕಾಯದೆ ಅವತ್ತೇ ತಿನ್ನಬಹುದು.