ರಾತ್ರಿ ಪಾಳಿ ಮುಗಿದ ಮೇಲಿನ ದಾರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೆಲಸ ಬದಲಿಸುವ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದವರು 31 ವರ್ಷದ ಸ್ಟಾಫ್ ನರ್ಸ್, ಐಸಿಯುನಲ್ಲಿ 7 ವರ್ಷ ಪಳಗಿದವರು. ಊರು ಬಿಡುವುದು ಖಚಿತವಾಗಿತ್ತು, ಎಲ್ಲಿಗೆ ಎಂಬುದು ಇತ್ಯರ್ಥವಾಗದೆ ನಿದ್ದೆ ಕೆಟ್ಟಿತ್ತು. ಒಂದು ಕಡೆ ದೊಡ್ಡ ಆಸ್ಪತ್ರೆ, ಒಳ್ಳೆಯ ಸಂಬಳ; ಆದರೆ ಕೈಗೆಟಕುವ ಬಾಡಿಗೆಯ ಮನೆ ಒಂದೂವರೆ ಗಂಟೆ ದೂರ. ಇನ್ನೊಂದು ಕಡೆ ಸಣ್ಣ ಆಸ್ಪತ್ರೆ, ಕಡಿಮೆ ಸಂಬಳ, ನಡೆದೇ ಹೋಗಬಹುದಾದ ಮನೆ.

"ಸಣ್ಣ ಆಸ್ಪತ್ರೆಗೆ ಹೋದ್ರೆ ಹಿಂದೆ ಬಿದ್ಲು ಅಂತಾರೆ ಮೇಡಂ" ಎಂದರು.

ಸಂಬಳದ ಲೆಕ್ಕ ಪೈಸೆ ಬಿಡದೆ ಹಾಕಿದ್ದರು. ಗಂಟೆಗಳ ಲೆಕ್ಕ ಹಾಕಿರಲಿಲ್ಲ. ಕಾಗದ ಕೊಟ್ಟು ಬರೆಯಲು ಹೇಳಿದೆ. ಪಾಳಿ 12 ಗಂಟೆ, ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವುದು) ಅರ್ಧ ಗಂಟೆ, ಹೋಗಿಬರಲು 3 ಗಂಟೆ. ಉಳಿದದ್ದು ಎಂಟೂವರೆ. ಸ್ನಾನ, ಅಡುಗೆ, ನಿದ್ದೆ ಎಲ್ಲ ಅದರೊಳಗೇ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯವಿದ್ದವರಷ್ಟೇ ಕುಂದಿರುತ್ತದೆ ಎಂದು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹಿಂದೊಮ್ಮೆ ರಾತ್ರಿ ಪಾಳಿ ಮುಗಿಸಿ ಬರುವಾಗ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೇ ತೂಕಡಿಸಿದ್ದರಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನದ ಉಳಿದ ಹೊತ್ತನ್ನು ಅದಕ್ಕೇ ಕೊಟ್ಟೆವು. ಅವರನ್ನು ಮಲಗಗೊಡದೆ ಕಾಡುತ್ತಿದ್ದದ್ದು ಅದೇ ಭಯ ಎಂದು ನನಗನ್ನಿಸಿತು.

ಎರಡನೇ ಭೇಟಿಯಲ್ಲಿ ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ಮಾತಾಡಿದೆವು. ಯಾವ ವಾರ್ಡ್ ಎಂಬುದು ನೇಮಕಾತಿ ಪತ್ರದಲ್ಲೇ ಇರಲಿ, ಬಾಯಿಮಾತು ಬೇಡ. ವೆಂಟಿಲೇಟರ್‌ನಲ್ಲಿರುವ ಎಷ್ಟು ರೋಗಿಗಳಿಗೆ ಒಬ್ಬ ನರ್ಸ್, ಅದರಲ್ಲೂ ರಾತ್ರಿ ಹೊತ್ತು? ತಿಂಗಳಿಗೆ ಎಷ್ಟು ನೈಟ್? ಸಿಬ್ಬಂದಿ ಕಡಿಮೆಯಾದಾಗ ಬೇರೆ ವಾರ್ಡಿಗೆ ಕಳಿಸುತ್ತಾರೆಯೇ? ಹಿರಿಯ ನರ್ಸ್ ಜೊತೆ ಕಲಿಯಲು ಎಷ್ಟು ವಾರ ಕೊಡುತ್ತಾರೆ? ಬಾಂಡ್ ಇದ್ದರೆ ನಡುವೆ ಬಿಟ್ಟವರು ಎಷ್ಟು ಕಟ್ಟಬೇಕು? ಇವಕ್ಕೆ ಎಚ್‌ಆರ್ ಕೊಡುವ ಉತ್ತರಕ್ಕಿಂತ, ಬೆಳಿಗ್ಗೆ ಡ್ಯೂಟಿ ಮುಗಿಸಿ ಹೊರಬರುವ ನರ್ಸ್ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹೊಸ ಜಾಗದ ನರ್ಸಿಂಗ್ ನೋಂದಣಿ ಕೈಸೇರುವ ಮೊದಲು ರಾಜೀನಾಮೆ ಕೊಡಬಾರದು. ಪ್ರೊಬೇಷನ್ ಮುಗಿಯುವವರೆಗೆ ದೀರ್ಘಾವಧಿಯ ಬಾಡಿಗೆ ಕರಾರೂ ಬೇಡ, ಹಾಸ್ಟೆಲ್ ಸಾಕು.

ಇಂಥದ್ದನ್ನೇ ಆರಿಸಿ ಎಂದು ನಾನು ಹೇಳಲಿಲ್ಲ. ಮೂರು ವಾರ ಬಿಟ್ಟು ಫೋನ್ ಮಾಡಿದರು. ದೊಡ್ಡ ಆಸ್ಪತ್ರೆಯವರು ವಾರ್ಡ್ ಹೆಸರು ಬರೆದುಕೊಡಲು ಒಪ್ಪಲಿಲ್ಲವಂತೆ. ಸಣ್ಣ ಆಸ್ಪತ್ರೆಗೆ ಸೇರುವ ಮನಸ್ಸು ಮಾಡಿದ್ದರು, ನೋಂದಣಿಗೆ ಕಾಯುತ್ತಿದ್ದರು. ತೂಕಡಿಸಿದ ವಿಷಯವನ್ನು ಅಮ್ಮನಿಗೆ ಹೇಳಿದ್ದರು.