ಕೊಡಗಿನ ಹಳೆಯ ವಸ್ತುಗಳನ್ನು ಸಂಗ್ರಹಿಸಲು ಇಲ್ಲಿನ ಸಂಸ್ಕೃತಿ ಗೊತ್ತಿರಲೇಬೇಕೇ? ಕಣ್ಣು ಪಳಗಿದ್ದರೆ ಸಾಲದೇ?

ಸಾಲದು. ನನ್ನ ಕಣ್ಣೂ ಪಳಗಿತ್ತು. ಹಿತ್ತಾಳೆಯ ಹಳಮೆ, ಬೆಳ್ಳಿಯ ಕಲಬೆರಕೆ, ಹಿಡಿಯ ಕೆತ್ತನೆ ಎಲ್ಲವನ್ನೂ ನೋಡಿಯೇ ಹೇಳುತ್ತಿದ್ದೆ. ದಕ್ಷಿಣ ಕೊಡಗಿನ ಒಂದು ದೇವರಕಾಡಿನಲ್ಲಿ ಆ ಕಣ್ಣೇ ನನಗೆ ಕೈಕೊಟ್ಟಿತು.

ಮರದ ಬುಡದಲ್ಲಿ ಮಣ್ಣಿನ ನಾಯಿಗಳ ರಾಶಿ. ಕಾಲು ಮುರಿದವು, ಮೂತಿ ಹೋದವು, ಪಾಚಿ ಹಿಡಿದವು. ಯಾರಿಗೂ ಬೇಡವಾಗಿವೆ, ನಾನು ಒಯ್ದರೆ ಉಳಿದಾವು ಎಂದುಕೊಂಡು ಮುಕ್ಕಾಗದ ಒಂದನ್ನು ಚೀಲಕ್ಕೆ ಹಾಕಿಕೊಂಡೆ.

ತಪ್ಪಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು. ಬೇಟೆಯ ದೇವರಾದ ಅಯ್ಯಪ್ಪನಿಗೆ ಇಲ್ಲಿ ಮಣ್ಣಿನ ನಾಯಿಯನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಒಪ್ಪಿಸಿದ್ದು ಅಲ್ಲೇ ಮಳೆಗೆ ನೆನೆಯುತ್ತಾ ಒಡೆಯುತ್ತದೆ. ಆ ಒಡಕನ್ನು ನಾನು ಜನರ ಅಸಡ್ಡೆ ಎಂದು ತಿಳಿದೆ. ಒಂದು ಮಾತ್ರ ಮುಕ್ಕಾಗದೆ ಇದ್ದದ್ದೇಕೆ? ಬೇರಿನ ಮರೆಯಲ್ಲಿದ್ದುದರಿಂದ ಎಂದು ನಾನೇ ಕಾರಣ ಕಟ್ಟಿದೆ. ನಿಜಕ್ಕೂ ಅದು ಹೊಸದು. ಯಾರೋ ಆಗಷ್ಟೇ ಹರಕೆ ತೀರಿಸಿ ಹೋಗಿದ್ದರು. ರಾಶಿಯಲ್ಲಿ ಹೊಸದೊಂದು ಇದೆ ಎಂದರೆ ನಂಬಿಕೆ ಜೀವಂತವಾಗಿದೆ ಎಂದೇ ಅರ್ಥ. ಅದನ್ನೇ ನಾನು ಎತ್ತಿಕೊಂಡು ಬಂದಿದ್ದೆ.

ತಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಆಯುಧಗಳ ಬಗ್ಗೆ ಹೇಳಲು ಒಪ್ಪಿದ್ದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. "ಯಾರನ್ನು ಕೇಳಿ ತಂದೆ?" ಎಂದರು. ಅಂದೇ ವಾಪಸ್ ಇಟ್ಟು ಬಂದೆ. ಆದರೆ ಅವರು ಮತ್ತೆಂದೂ ನನ್ನೊಂದಿಗೆ ಆಯುಧಗಳ ವಿಷಯ ಎತ್ತಲಿಲ್ಲ. ಅವರು ಹೇಳಬಹುದಾಗಿದ್ದ ಅಷ್ಟೂ ನನಗೆ ತಪ್ಪಿಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಒಳ್ಳೆಯ ವಸ್ತುವನ್ನು ಆರಿಸಲು ಸಂಸ್ಕೃತಿಯ ಅರಿವು ಬೇಕೇ ಎನ್ನುತ್ತೀರಿ. ಯಾವುದನ್ನು ಮುಟ್ಟಬಾರದು ಎಂದು ತಿಳಿಯಲು ಅದು ಮೊದಲು ಬೇಕು. ಕೊಡವರ ಅಗಲ ಅಲಗಿನ ಬಾಗಿದ ಕತ್ತಿ, ಒಡಿಕತ್ತಿಯನ್ನೇ ನೋಡಿ. ಅದನ್ನು ಬೆನ್ನ ಹಿಂದೆ ಸಿಕ್ಕಿಸುವ ಲೋಹದ ಕೊಂಡಿ, ತೊಡಂಗ್ ಇಲ್ಲದಿದ್ದರೆ ಅರ್ಧ ವಸ್ತು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಯ ಜೊತೆಗಿಟ್ಟು, ತೋಕ್‌ಪೂ ಎಂಬ ಕೋವಿಹೂ ಮುಡಿಸಿ ಪೂಜಿಸಿದ ಕತ್ತಿ ಮಾರಾಟಕ್ಕೆ ಬಂದಿದೆ ಎಂದರೆ ಆ ಮನೆಯಲ್ಲಿ ಏನೋ ಆಗಿದೆ. ಯಾವ ಒಕ್ಕದ್ದು, ಅಂದರೆ ಯಾವ ಕುಲದ್ದು ಎಂದು ಹೇಳದ ದಲ್ಲಾಳಿಯಿಂದ ಕೊಳ್ಳಲೇಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಾಚೆಗೆ ಸಾಗಿಸುವಂತಿಲ್ಲ.

ಮೊದಲು ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಸಾವಕಾಶವಾಗಿ ನೋಡಿ. ಏನಾದರೂ ಬೇಕೇ ಬೇಕೆಂದರೆ ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿಯಾದ ಪೀಚೆಕತ್ತಿಯನ್ನು ಹೊಸದಾಗಿ ಮಾಡಿಸಿ, ಮಾಡುವವರ ಪಕ್ಕದಲ್ಲಿ ಕುಳಿತು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ.